ಬೆರಳಚ್ಚು ಮತ್ತು ಬೆಳಕು

ನಮ್ಮ ಮಾತಿನಲ್ಲಿ ಹೆಬ್ಬೆಟ್ಟು ಎಂಬ ಶಬ್ದಕ್ಕೆ ಒಂದು ಬಗೆಯ ಅಗೌರವ ಅಂಟಿಕೊಂಡಿದೆ. ಓದುಬರಹ ತಿಳಿಯದವನನ್ನು 'ಹೆಬ್ಬೆಟ್ಟಿನವ' ಎಂದು ಕರೆಯುವುದು ವಾಡಿಕೆ. ರುಜು ಹಾಕುವವನು ತಿಳಿದವನು, ಹೆಬ್ಬೆಟ್ಟು ಒತ್ತುವವನು ತಿಳಿಯದವನು ಎಂಬುದು ಈ ಮಾತಿನ ಹಿಂದಿರುವ ಎಣಿಕೆ. ಆದರೆ ಸ್ವಲ್ಪ ವಿಚಾರ ಮಾಡಿ ನೋಡಿರಿ. ರುಜುವನ್ನು ಇನ್ನೊಬ್ಬನು ಅಭ್ಯಾಸ ಮಾಡಿ ಬರೆಯಬಹುದು. ಅದೇ ಮನುಷ್ಯನ ರುಜು ಕೂಡ ಇಪ್ಪತ್ತನೆಯ ವಯಸ್ಸಿನಲ್ಲಿದ್ದಂತೆ ಎಪ್ಪತ್ತರಲ್ಲಿ ಇರುವುದಿಲ್ಲ. ಬೆರಳ ತುದಿಯ ಗೆರೆಗಳಾದರೋ ಮಗು ತಾಯಿಯ ಗರ್ಭದಲ್ಲಿ ಆರು ತಿಂಗಳು ತುಂಬುವುದರೊಳಗೆ ಮೂಡಿ ನಿಂತು, ಜೀವಮಾನವಿಡೀ ಅದೇ ವಿನ್ಯಾಸದಲ್ಲಿ ಉಳಿಯುತ್ತವೆ. ಅವಳಿ ಮಕ್ಕಳ ಮುಖ ಒಂದೇ ತೆರನಾಗಿದ್ದರೂ ಬೆರಳಚ್ಚು ಬೇರೆ ಬೇರೆಯೇ.

ಈ ಸಂಗತಿಯನ್ನು ಆಧುನಿಕ ಆಡಳಿತದ ಕೆಲಸಕ್ಕೆ ಮೊದಲು ತಂದದ್ದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಬೇಕಾದ ಸಾಮಾನು ಒದಗಿಸುವ ಕರಾರಿನ ಮೇಲೆ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯ ಗುರುತನ್ನು ಒತ್ತಿಸಿಕೊಂಡನು. ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಆರಂಭವಾಯಿತು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ನೌಕರರು ಸಾವಿರಾರು ಅಚ್ಚುಗಳನ್ನು 1024 ಗೂಡುಗಳಲ್ಲಿ ವಿಂಗಡಿಸಿಡುವ ಕ್ರಮವನ್ನು ರೂಪಿಸುವುದರಲ್ಲಿ ದುಡಿದರು. ಕ್ರಮಕ್ಕೆ ಹೆಸರು ಬಂದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. 1901ರಲ್ಲಿ ಅದು ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೂ ಹೋಯಿತು.

ಬೆರಳಚ್ಚಿನಲ್ಲಿ ಎರಡು ವಿಧ. ಕಚೇರಿಯಲ್ಲಿ ಮಸಿ ಹಚ್ಚಿ ಕಾಗದದ ಮೇಲೆ ಒತ್ತುವುದು ಒಂದು. ನಮಗೆ ಅರಿವಿಲ್ಲದೆಯೇ ಲೋಟದ ಮೇಲೆ, ಕಿಟಕಿಯ ಗಾಜಿನ ಮೇಲೆ, ಕಪಾಟಿನ ಹಿಡಿಯ ಮೇಲೆ ಬಿಟ್ಟುಹೋಗುವುದು ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಕಾಣುತ್ತದೆ. ಎರಡನೆಯದು ಸಾಮಾನ್ಯವಾಗಿ ಕಾಣುವುದಿಲ್ಲ. ಕಾಣದಿರುವ ಆ ಗುರುತನ್ನು ಕಾಣುವಂತೆ ಮಾಡುವುದರಲ್ಲಿ ಬೆಳಕಿನ ಪಾತ್ರವೇನು ಎಂಬುದೇ ಈ ಹೊತ್ತಿನ ವಿಷಯ.

ನಮ್ಮ ಹಿರಿಯರು ಮಗುವಿನ ಕೈ ಹಿಡಿದು 'ಎಷ್ಟು ಶಂಖ, ಎಷ್ಟು ಚಕ್ರ' ಎಂದು ಎಣಿಸುತ್ತಿದ್ದುದನ್ನು ನೀವು ನೋಡಿರಬಹುದು. ಫಲ ಹೇಳುವ ಮಾತು ಬದಿಗಿರಲಿ; ಗೆರೆಗಳನ್ನು ಬಗೆಬಗೆಯಾಗಿ ನೋಡುವ ಕಣ್ಣು ಅವರಿಗಿತ್ತು. ಬೆರಳಚ್ಚಿನ ತಜ್ಞರು ಕೂಡ ಗೆರೆಗಳನ್ನು ಸುಳಿ, ಕುಣಿಕೆ, ಕಮಾನು ಎಂದು ಮುಖ್ಯವಾಗಿ ಮೂರು ಬಗೆ ಮಾಡುತ್ತಾರೆ. ಹಿರಿಯರ ಚಕ್ರವೇ ತಜ್ಞರ ಸುಳಿ. ಆದರೆ ಗುರುತು ಹಿಡಿಯುವುದು ಇಷ್ಟರಿಂದಲೇ ಆಗುವುದಿಲ್ಲ. ಒಂದು ಗೆರೆ ಎಲ್ಲಿ ಕವಲೊಡೆಯಿತು, ಎಲ್ಲಿ ಥಟ್ಟನೆ ನಿಂತಿತು, ಎರಡು ಗೆರೆಗಳ ನಡುವೆ ಎಲ್ಲಿ ಒಂದು ಚುಕ್ಕೆ ಇದೆ ಎಂಬ ಸಣ್ಣ ವಿವರಗಳನ್ನು ಒಂದೊಂದಾಗಿ ಹೋಲಿಸಬೇಕು. ಗೆರೆಯಿಂದ ಗೆರೆಗೆ ಇರುವ ದೂರ ಸುಮಾರು ಅರ್ಧ ಮಿಲಿಮೀಟರು. ಇಷ್ಟು ಸೂಕ್ಷ್ಮವಾದುದು ಅಳಿಸದೆ, ಕಲಸಿಹೋಗದೆ ಕಾಣಬೇಕು.

ಬೆರಳ ಗೆರೆಗಳ ಏಣಿನುದ್ದಕ್ಕೂ ಬೆವರಿನ ಸಣ್ಣ ರಂಧ್ರಗಳಿವೆ. ಅವುಗಳಿಂದ ಹೊರಬರುವ ಬೆವರಿನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲಿಗೂ ಹೆಚ್ಚು ನೀರು. ಉಳಿದುದು ಉಪ್ಪು, ಯೂರಿಯ, ಅಮೈನೋ ಆಮ್ಲಗಳು ಇತ್ಯಾದಿ. ಬೆರಳ ತುದಿಯಲ್ಲಿ ಎಣ್ಣೆಯ ಗ್ರಂಥಿಗಳಿಲ್ಲ. ಆದರೆ ನಾವು ದಿನಕ್ಕೆ ಎಷ್ಟು ಸಲ ಹಣೆ ಒರಸಿಕೊಳ್ಳುತ್ತೇವೆ, ಎಷ್ಟು ಸಲ ತಲೆ ಮುಟ್ಟುತ್ತೇವೆ ಎಂಬುದಕ್ಕೆ ಲೆಕ್ಕವಿಲ್ಲ. ಹಾಗಾಗಿ ಮುಖದ ಜಿಡ್ಡು ಬೆರಳಿಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಅದಕ್ಕೆ ತೆಂಗಿನೆಣ್ಣೆಯೂ ಸೇರುತ್ತದೆ. ನುಣುಪಾದ ವಸ್ತುವನ್ನು ಮುಟ್ಟಿದಾಗ ಏಣುಗಳು ಮಾತ್ರ ತಗಲಿ, ಬೆವರು ಮತ್ತು ಜಿಡ್ಡನ್ನು ಗೆರೆಗೆರೆಯಾಗಿ ಅಲ್ಲಿ ಬಿಡುತ್ತವೆ. ಬೆವರಿನ ನೀರು ಬೇಗನೆ ಆರಿಹೋದರೂ ಉಪ್ಪಿನ ಹರಳುಗಳೂ ಜಿಡ್ಡಿನ ಸಣ್ಣ ಸಣ್ಣ ಹನಿಗಳೂ ಉಳಿಯುತ್ತವೆ. ಇದೇ ಕಾಣದ ಬೆರಳಚ್ಚು.

ಇದನ್ನು ನೋಡುವುದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಇಂದು ರಾತ್ರಿಯೇ ಮನೆಯಲ್ಲಿ ಮಾಡಿ ನೋಡಿರಿ. ಒಂದು ಗಾಜಿನ ತುಂಡನ್ನೋ ನುಣುಪಾದ ಸ್ಟೀಲ್ ತಟ್ಟೆಯನ್ನೋ ಒಣಗಿದ ಬಟ್ಟೆಯಿಂದ ಚೆನ್ನಾಗಿ ಒರಸಿ, ಹಣೆಗೆ ತಗಲಿಸಿದ ಬೆರಳನ್ನು ಅದರ ಮೇಲೆ ಮೆಲ್ಲಗೆ ಒತ್ತಿರಿ. ಕೋಣೆಯ ದೀಪ ಆರಿಸಿರಿ. ಟಾರ್ಚನ್ನು ಮೇಲಿನಿಂದ ಹಿಡಿಯದೆ, ಬೆಳಕು ತಟ್ಟೆಯ ಮೈಯನ್ನು ಸವರಿಕೊಂಡು ಹೋಗುವ ಹಾಗೆ ಓರೆಯಾಗಿ, ಹೆಚ್ಚುಕಡಿಮೆ ಮಲಗಿಸಿ ಹಿಡಿಯಿರಿ. ನೀವು ಮೇಲಿನಿಂದ ನೋಡಿರಿ. ತಟ್ಟೆ ಕಪ್ಪಾಗಿ ಕಾಣುತ್ತದೆ, ಅದರ ನಡುವೆ ನಿಮ್ಮ ಬೆರಳ ಗೆರೆಗಳು ಬೆಳ್ಳಗೆ ಹೊಳೆಯುತ್ತವೆ. ಈಗ ಟಾರ್ಚಿನ ಬೆಳಕು ತಟ್ಟೆಯಲ್ಲಿ ಪ್ರತಿಫಲಿಸಿ ನೇರವಾಗಿ ಕಣ್ಣಿಗೆ ಬೀಳುವ ಹಾಗೆ ಸ್ವಲ್ಪ ತಿರುಗಿಸಿರಿ. ಆಟ ತಲೆಕೆಳಗಾಗುತ್ತದೆ: ತಟ್ಟೆ ಹೊಳೆಯುತ್ತದೆ, ಗೆರೆಗಳು ಮಂಕಾಗಿ ಕಪ್ಪಾಗುತ್ತವೆ.

ಇದಕ್ಕೆ ಕಾರಣವನ್ನು ನಮ್ಮ ಮಳೆಗಾಲದ ರಸ್ತೆಯೇ ಹೇಳುತ್ತದೆ. ರಾತ್ರಿಯ ಹೊತ್ತು ಮಳೆಯಲ್ಲಿ ಹಂಪನಕಟ್ಟೆಯ ಕಡೆ ವಾಹನ ನಡೆಸಿದವರಿಗೆ ಈ ಅನುಭವ ಉಂಟು. ಒಣಗಿದ ಡಾಂಬರು ರಸ್ತೆ ವಾಹನದ ದೀಪಕ್ಕೆ ಚೆನ್ನಾಗಿ ಕಾಣುತ್ತದೆ. ಒದ್ದೆ ರಸ್ತೆ ಅದೇ ದೀಪಕ್ಕೆ ಕಪ್ಪಗೆ ಮಾಯವಾಗುತ್ತದೆ. ಒಣ ರಸ್ತೆಯ ಒರಟು ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಸ್ವಲ್ಪ ಬೆಳಕು ಚಾಲಕನ ಕಣ್ಣಿಗೂ ಮರಳುತ್ತದೆ. ಒದ್ದೆ ರಸ್ತೆಯ ಮೇಲಿನ ನೀರಿನ ಪೊರೆ ಕನ್ನಡಿಯಂತೆ ವರ್ತಿಸಿ ಬೆಳಕನ್ನು ಮುಂದಕ್ಕೇ ದೂಡಿಬಿಡುತ್ತದೆ. ಒರಸಿದ ತಟ್ಟೆ ಒದ್ದೆ ರಸ್ತೆ ಇದ್ದ ಹಾಗೆ. ಬೆರಳಿನ ಜಿಡ್ಡು ಒಣ ರಸ್ತೆ ಇದ್ದ ಹಾಗೆ. ಓರೆ ಬೆಳಕಿನಲ್ಲಿ ಕಣ್ಣಿಗೆ ಬರುವುದು ಗೆರೆಗಳು ಚೆದರಿಸಿದ ಬೆಳಕು ಮಾತ್ರ.

ಈ ಓರೆ ಬೆಳಕಿನ ಉಪಾಯ ನೆಲಕ್ಕೂ ಸಲ್ಲುತ್ತದೆ. ಹಳೆಯ ಮನೆಗಳ ಕೆಂಪು ಕಾವಿ ನೆಲದ ಮೇಲೆ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದರೆ, ಹಗಲಿನಲ್ಲಿ ಏನೂ ಕಾಣದಿದ್ದ ಜಾಗದಲ್ಲಿ ಧೂಳಿನ ಹೆಜ್ಜೆಗಳು ಸಾಲಾಗಿ ಎದ್ದು ತೋರುತ್ತವೆ. ಪೊಲೀಸರು ನಡೆಯುವ ಮೊದಲೇ ನೆಲಕ್ಕೆ ಬೆಳಕು ಹಾಯಿಸಿ ನೋಡುವುದು ಇದೇ ಕಾರಣಕ್ಕೆ.

ಆದರೆ ಎಲ್ಲ ವಸ್ತುಗಳೂ ಬೆರಳಿನ ಗುರುತನ್ನು ಒಂದೇ ರೀತಿ ಇಟ್ಟುಕೊಳ್ಳುವುದಿಲ್ಲ. ಮಂಗಳೂರಿನ ಹಂಚಿನ ಉದಾಹರಣೆ ನೋಡೋಣ. 1865ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿನ ಹೆಸರು ಹಂಚಿನೊಡನೆ ಬೆಸೆದುಕೊಂಡಿದೆ. ಹಂಚು ಸರಿಸಿ ಒಳಗಿಳಿಯುವ ಕಳ್ಳನ ಕಥೆಗಳೂ ಅಷ್ಟೇ ಹಳೆಯವು. ಸುಟ್ಟ ಮಣ್ಣಿನ ಹಂಚು ಒರಟು, ಅದರ ಮೈತುಂಬ ಸಣ್ಣ ರಂಧ್ರಗಳು. ಬೆರಳಿನ ಬೆವರನ್ನೂ ಜಿಡ್ಡನ್ನೂ ಅದು ಹೀರಿಬಿಡುತ್ತದೆ. ಮೇಲಾಗಿ, ತಾನೇ ಬೆಳಕನ್ನು ಎಲ್ಲ ಕಡೆಗೆ ಚೆದರಿಸುವುದರಿಂದ ಅದರ ಮೇಲಿನ ಗೆರೆಗಳು ಬೇರೆಯಾಗಿ ತೋರುವುದು ಬಹಳ ಕಷ್ಟ. ಆದರೆ ಕತ್ತಲೆಯ ಅಡಿಗೆಮನೆಗೆ ಬೆಳಕು ಬರಲೆಂದು ಅದೇ ಮಾಡಿನಲ್ಲಿ ನಾವು ಒಂದೆರಡು ಗಾಜಿನ ಹಂಚುಗಳನ್ನೂ ಇಡುತ್ತೇವಷ್ಟೆ. ಆ ಗಾಜಿನ ಹಂಚಿಗೆ ಕೈ ತಗಲಿದ್ದರೆ ಗುರುತು ಮೇಲ್ಮೈಯಲ್ಲೇ ಉಳಿಯುತ್ತದೆ, ಓರೆ ಬೆಳಕಿಗೆ ಕಾಣುತ್ತದೆ. ಇನ್ನು ಒಲೆಯ ಹೊಗೆಯಿಂದ ಕರಿಹಿಡಿದ ಜಂತಿಯನ್ನು ಹಿಡಿದ ಕೈ, ಆ ಮಸಿಯನ್ನು ಹೊತ್ತು ಸುಣ್ಣದ ಗೋಡೆಯನ್ನು ಮುಟ್ಟಿದರೆ, ಯಾವ ವಿಶೇಷ ದೀಪದ ಸಹಾಯವೂ ಬೇಕಾಗುವುದಿಲ್ಲ.

ಗಾಜು, ಸ್ಟೀಲು, ಪಿಂಗಾಣಿ, ಬಣ್ಣ ಹಚ್ಚಿದ ಕಬ್ಬಿಣದ ಕಪಾಟು, ಪಾಲಿಶ್ ಮಾಡಿದ ಮರ, ಪ್ಲಾಸ್ಟಿಕ್ಕು, ಇವು ಹೀರದ ವಸ್ತುಗಳು. ಕಾಗದ, ರಟ್ಟು, ಪಾಲಿಶ್ ಇಲ್ಲದ ಮರ, ಇವು ಹೀರುವ ವಸ್ತುಗಳು. ಮೊದಲನೆಯ ಗುಂಪಿನಲ್ಲಿ ಗುರುತು ಬೇಗ ಕಾಣುತ್ತದೆ, ಬೇಗ ಅಳಿಸಿಯೂ ಹೋಗುತ್ತದೆ. ಎರಡನೆಯ ಗುಂಪಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಒಳಗೆ ಇಳಿದು ಬಹುಕಾಲ ಉಳಿಯಬಹುದು. ನಮ್ಮ ಊರಿನ ಹವೆಯೂ ಇದರಲ್ಲಿ ಕೈಹಾಕುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ತನಕ ಗಾಳಿಯಲ್ಲಿಯೇ ನೀರು ತುಂಬಿರುವಾಗ, ತೇವ ಹಿಡಿದ ಕಾಗದದಲ್ಲಿ ಬೆವರಿನ ಅಂಶಗಳು ಹರಡಿಕೊಂಡು ಗೆರೆಗಳು ಕಲಸಿಹೋಗುತ್ತವೆ. ಮಳೆ ಬಿದ್ದ ಗಾಜಿನ ಮೇಲೆ ಉಪ್ಪು ತೊಳೆದುಹೋಗುತ್ತದೆ. ಜಿಡ್ಡು ಮಾತ್ರ ನೀರಿಗೆ ಕರಗದೆ ಒಂದಿಷ್ಟು ನಿಲ್ಲುತ್ತದೆ.

ಚೆದರಿದ ಬೆಳಕಿನಿಂದ ಆಗದ ಕೆಲಸಕ್ಕೆ ಬೆಳಕಿನ ಇನ್ನೊಂದು ಗುಣ ನೆರವಾಗುತ್ತದೆ. ಕೆಲವು ಪದಾರ್ಥಗಳು ಒಂದು ಬಣ್ಣದ ಬೆಳಕನ್ನು ಕುಡಿದು ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಕ್ವಿನೈನಿನ ದ್ರಾವಣಕ್ಕೆ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದರೆ ಅದು ನೀಲಿಯಾಗಿ ಬೆಳಗುತ್ತದೆ. ಇಂಗ್ಲೆಂಡಿನ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1852ರಲ್ಲಿ ಈ ಗುಣವನ್ನು ವಿವರಿಸಿ ಅದಕ್ಕೆ ಹೆಸರಿಟ್ಟನು. ನಾವು ಅದನ್ನು ಪ್ರತಿದೀಪ್ತಿ ಎನ್ನಬಹುದು. ಅಂಗಡಿಯವರು ನೋಟನ್ನು ನೇರಳೆ ದೀಪದ ಕೆಳಗೆ ಹಿಡಿದು, ಅದರ ಅಂಕಿಗಳು ಹೊಳೆಯುತ್ತವೆಯೇ ಎಂದು ನೋಡುವುದು ಇದೇ ಗುಣವನ್ನು ನಂಬಿ. ಹೊರಬರುವ ಬೆಳಕು ಒಳಹೋದ ಬೆಳಕಿಗಿಂತ ಸಾಮಾನ್ಯವಾಗಿ ಕೆಂಪಿನ ಕಡೆಗೆ ಸ್ವಲ್ಪ ಸರಿದಿರುತ್ತದೆ.

1977ರಲ್ಲಿ ಕೆನಡಾದ ಡಾಲ್‌ರಿಂಪಲ್, ಡಫ್ ಮತ್ತು ಮೆಂಜೆಲ್ ಎಂಬ ಮೂವರು, ಲೇಸರ್ ಬೆಳಕು ಬಿದ್ದಾಗ ಯಾವ ಪುಡಿಯನ್ನೂ ಹಚ್ಚದ ಬರಿಯ ಬೆರಳಚ್ಚು ತಾನಾಗಿಯೇ ಬೆಳಗುತ್ತದೆ ಎಂಬುದನ್ನು ಪ್ರಕಟಿಸಿದರು. ಅವರು ಬಳಸಿದ್ದು ಆರ್ಗಾನ್ ಲೇಸರಿನ ನೀಲಿ-ಹಸಿರು ಬೆಳಕು. ಬೆವರಿನಲ್ಲಿರುವ ಕೆಲವು ಅಂಶಗಳು ಅದನ್ನು ಕುಡಿದು ಹಳದಿ-ಕಿತ್ತಳೆಯ ಬೆಳಕನ್ನು ಕೊಡುತ್ತವೆ. ಈ ಬೆಳಕು ಬಹಳ ಕ್ಷೀಣ. ನೀಲಿ ಬೆಳಕಿನ ಅಬ್ಬರದಲ್ಲಿ ಅದು ಕಾಣುವುದೇ ಇಲ್ಲ. ಆದುದರಿಂದ ನೋಡುವವರು ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಳ್ಳುತ್ತಾರೆ. ಅದು ನೀಲಿಯನ್ನು ತಡೆದು ಕಿತ್ತಳೆಯನ್ನು ಮಾತ್ರ ಒಳಬಿಡುತ್ತದೆ. ಜಾತ್ರೆಯ ಗದ್ದಲದಲ್ಲಿ ಪಕ್ಕದವನ ಪಿಸುಮಾತು ಕೇಳಬೇಕಾದರೆ ಡೋಲು ನಿಲ್ಲಬೇಕಷ್ಟೆ. ಕನ್ನಡಕ ಮಾಡುವುದು ಡೋಲು ನಿಲ್ಲಿಸುವ ಕೆಲಸ. ಅಂದು ಮೇಜಿನಷ್ಟು ದೊಡ್ಡದಾಗಿದ್ದ ಸಲಕರಣೆಯ ಕೆಲಸವನ್ನು, ಇಂದು ಕೈಯಲ್ಲಿ ಹಿಡಿಯುವ, ಬೇರೆ ಬೇರೆ ಬಣ್ಣದ ಬೆಳಕು ಕೊಡುವ ದೀಪಗಳು ಬಹುಮಟ್ಟಿಗೆ ಮಾಡುತ್ತವೆ.

ಬೆಳಕಿಗೆ ರಸಾಯನವೂ ಜೊತೆಗೂಡುತ್ತದೆ. 1954ರಲ್ಲಿ ಸ್ವೀಡನ್ನಿನವರು, ನಿನ್‌ಹೈಡ್ರಿನ್ ಎಂಬ ರಸಾಯನವು ಕಾಗದದಲ್ಲಿ ಇಳಿದಿರುವ ಅಮೈನೋ ಆಮ್ಲಗಳೊಡನೆ ಕೂಡಿ ಬೆರಳಚ್ಚನ್ನು ನೇರಳೆ ಬಣ್ಣದಲ್ಲಿ ತೋರಿಸುತ್ತದೆ ಎಂದು ತಿಳಿಸಿದರು. ಕ್ಷಣದಲ್ಲಿ ಅಂಟುವ ಗೋಂದನ್ನು ಕಾಯಿಸಿ, ಅದರ ಆವಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಹಾಯಿಸಿದರೆ ಗೆರೆಗಳು ಬೆಳ್ಳಗೆ ಗಟ್ಟಿಯಾಗಿ ನಿಲ್ಲುತ್ತವೆ. ಅದರ ಮೇಲೆ ಬೆಳಗುವ ಬಣ್ಣ ಹಾಕಿ ಪುನಃ ನೀಲಿ-ಹಸಿರು ಬೆಳಕಿನಲ್ಲಿ ನೋಡುತ್ತಾರೆ. ಇವುಗಳಲ್ಲಿ ಒಂದು ಕ್ರಮವುಂಟು. ಮೊದಲು ಬೆಳಕು, ಕೂಡಲೇ ಫೋಟೊ, ಆಮೇಲೆ ಪುಡಿ, ರಸಾಯನ. ಪುಡಿಯ ಕುಂಚ ಒಮ್ಮೆ ತಪ್ಪಾಗಿ ಎಳೆದರೆ ಗೆರೆ ಅಳಿಸಿತು, ಮತ್ತೆ ಬರಲಾರದು. ಬೆಳಕಾದರೋ ಗುರುತನ್ನು ಮುಟ್ಟುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ತೀಕ್ಷ್ಣವಾದ ನೇರಳಾತೀತ ಕಿರಣ ಬೆರಳಚ್ಚಿನ ಜೀವಕೋಶಗಳಲ್ಲಿರುವ ಡಿಎನ್‌ಎಯನ್ನು ಕೆಡಿಸಬಲ್ಲುದು, ನೋಡುವವರ ಕಣ್ಣಿಗೂ ಅಪಾಯ ಮಾಡಬಲ್ಲುದು.

ಇಷ್ಟೆಲ್ಲ ಕೇಳಿದ ಮೇಲೆ, 'ಬೆರಳಚ್ಚು ಸಿಕ್ಕಿತೆಂದರೆ ಕಳ್ಳ ಸಿಕ್ಕಿದ ಹಾಗೆಯೇ' ಎಂದು ನಿಮಗೆ ತೋರಬಹುದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಬಂಗಾಳದ ಜಲಪೈಗುರಿಯಲ್ಲಿ ಚಹಾ ತೋಟದ ಮೇನೇಜರನೊಬ್ಬನ ಕೊಲೆಯಾಯಿತು, ಹಣವೂ ಕಳವಾಯಿತು. ಅಲ್ಲಿದ್ದ ಬಂಗಾಳಿ ಪಂಚಾಂಗವೊಂದರ ಮೇಲೆ ಹೆಬ್ಬೆರಳಿನ ಕಂದು ಗುರುತು ಇತ್ತು. ಕಲ್ಕತ್ತೆಯ ಕಚೇರಿಯಲ್ಲಿ ಅದು ಹಿಂದೆ ಕೆಲಸಕ್ಕಿದ್ದ ಆಳೊಬ್ಬನ ಅಚ್ಚಿಗೆ ಸರಿಹೊಂದಿತು. 1898ರ ಆ ವಿಚಾರಣೆಯಲ್ಲಿ ನ್ಯಾಯಾಲಯ ಅವನನ್ನು ಕಳ್ಳತನಕ್ಕೆ ಶಿಕ್ಷಿಸಿತು. ಕೊಲೆಯ ಆರೋಪದಿಂದ ಬಿಟ್ಟಿತು. ಅವನು ಪಂಚಾಂಗವನ್ನು ಮುಟ್ಟಿದ್ದನೆಂಬುದು ಸಿದ್ಧವಾಗಿತ್ತು. ಕೊಂದವನು ಅವನೇ ಎಂಬುದು ಅದರಿಂದಲೇ ಸಿದ್ಧವಾಗಲಿಲ್ಲ. ಮರುವರ್ಷ, 1899ರಲ್ಲಿ, ಬೆರಳಚ್ಚಿನ ತಜ್ಞರ ಅಭಿಪ್ರಾಯಕ್ಕೆ ನಮ್ಮ ಸಾಕ್ಷ್ಯ ಕಾಯಿದೆಯಲ್ಲಿ ಸ್ಥಾನ ದೊರೆಯಿತು. ಆದರೆ ಆ ಮೊಕದ್ದಮೆಯ ವಿವೇಕ ಇಂದಿಗೂ ಹಳತಾಗಿಲ್ಲ. ಗುರುತು ಹೇಳುವುದು 'ಈ ಬೆರಳು ಇಲ್ಲಿ ತಗಲಿತ್ತು' ಎಂಬಷ್ಟನ್ನೇ. ಯಾವ ದಿನ, ಯಾವ ಉದ್ದೇಶದಿಂದ ಎಂಬುದನ್ನು ಅದು ಹೇಳದು. ಅಚ್ಚಿನ ವಯಸ್ಸನ್ನು ನಂಬಿಕೆಯಿಂದ ಹೇಳಬಲ್ಲ ವಿಧಾನ ಇನ್ನೂ ಕೈಗೆ ಬಂದಿಲ್ಲ. ಹೋದ ವಾರ ಕಿಟಕಿಗೆ ಬಣ್ಣ ಬಳಿಯಲು ಬಂದವನ ಬೆರಳೂ, ಪಾತ್ರೆ ತೊಳೆಯಲು ಬರುವ ಹೆಂಗಸಿನ ಬೆರಳೂ ನಮ್ಮ ಮನೆಯಲ್ಲಿ ಇದ್ದೇ ಇರುತ್ತದೆ.

ಹೋಲಿಸುವವರ ಕಣ್ಣು ತಪ್ಪುವುದೂ ಉಂಟು. 2004ರ ಮಾರ್ಚಿಯಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬು ಸಿಡಿದ ಮೇಲೆ, ಒಂದು ಚೀಲದ ಮೇಲಿದ್ದ ಅಸ್ಪಷ್ಟ ಬೆರಳಚ್ಚು ಅಮೆರಿಕದ ಒಬ್ಬ ವಕೀಲನದೆಂದು ಅಲ್ಲಿನ ಎಫ್‌ಬಿಐ ತಜ್ಞರು ಹೇಳಿದರು. ಅವನು ಎರಡು ವಾರ ಬಂಧನದಲ್ಲಿದ್ದನು. ಆಮೇಲೆ ಸ್ಪೇನಿನ ಪೊಲೀಸರು ಆ ಗುರುತು ಬೇರೊಬ್ಬನದೆಂದು ಕಂಡುಹಿಡಿದರು. ಎಫ್‌ಬಿಐ ಕ್ಷಮೆ ಕೇಳಿತು. ಬೆರಳುಗಳು ಎರಡು ಕಡೆ ಒಂದೇ ಆಗಿರಲಿಲ್ಲ. ಮಸುಕಾದ ಗುರುತಿನಲ್ಲಿ ಹೋಲಿಕೆ ಮಾತ್ರ ಕಣ್ಣನ್ನು ಮೋಸಗೊಳಿಸಿತ್ತು. ಆದುದರಿಂದಲೇ ಮೊದಲ ಹೆಜ್ಜೆಯಾದ ಬೆಳಕಿನ ಕೆಲಸಕ್ಕೆ ಇಷ್ಟು ಬೆಲೆ. ಗುರುತು ಎಷ್ಟು ಸ್ಪಷ್ಟವಾಗಿ ದೊರೆಯುತ್ತದೆಯೋ, ನಿರಪರಾಧಿ ಸಿಕ್ಕಿಹಾಕಿಕೊಳ್ಳುವ ಭಯ ಅಷ್ಟು ಕಡಿಮೆ.

ಈಗ ನಿಮ್ಮ ಪಾಲಿನ ಕೆಲಸಕ್ಕೆ ಬರೋಣ. ಮನೆಯವರೆಲ್ಲ ಮದುವೆಗೆ ಹೋಗಿ ಮರಳಿದಾಗ ಬೀಗ ಮುರಿದಿದೆ, ಕಪಾಟು ತೆರೆದಿದೆ, ಬಟ್ಟೆಬರೆ ಚೆಲ್ಲಿದೆ ಎನ್ನಿ. ನಾವು ಆಗ ಮಾಡುವುದೇನು? ಯಜಮಾನರು ಕಪಾಟಿನ ಒಂದೊಂದು ಖಾನೆಯನ್ನೂ ಎಳೆದು ನೋಡುತ್ತಾರೆ. ಮನೆಯಾಕೆ ಒಡವೆಯ ಡಬ್ಬಿಯನ್ನು ಕೈಗೆತ್ತಿಕೊಳ್ಳುತ್ತಾರೆ. ನೆರೆಯವರು ಹತ್ತು ಜನ ಒಳಗೆ ಬಂದು, ಕಿಟಕಿಯ ಸರಳನ್ನು ಹಿಡಿದು ಅಲುಗಿಸಿ, 'ಇಲ್ಲಿಂದಲೇ ಬಂದದ್ದು' ಎಂದು ತೀರ್ಮಾನ ಹೇಳುತ್ತಾರೆ. ಯಾರೋ ಒಬ್ಬರು ಸಹಾಯಕ್ಕೆಂದು ಕಸ ಗುಡಿಸಿಯೂ ಬಿಡುತ್ತಾರೆ. ಪೊಲೀಸರ ದೀಪ ಬರುವ ಹೊತ್ತಿಗೆ ಕಳ್ಳನ ಗುರುತಿನ ಮೇಲೆ ನಮ್ಮ ಗುರುತುಗಳೇ ತುಂಬಿರುತ್ತವೆ.

ಹಾಗೆ ಮಾಡಬೇಡಿರಿ. ಒಳಗೆ ಯಾರೂ ಅಡಗಿರಬಹುದೆಂಬ ಸಂದೇಹವಿದ್ದರೆ ಹೊರಗೇ ನಿಲ್ಲಿರಿ. 112ಕ್ಕೆ ಫೋನು ಮಾಡಿರಿ. ಬಾಗಿಲು, ಕಪಾಟು, ಡಬ್ಬಿ ಯಾವುದನ್ನೂ ಮುಟ್ಟದೆ, ನೆಲ ಗುಡಿಸದೆ, ನೆರೆಯವರನ್ನು ಜಗಲಿಯಲ್ಲಿಯೇ ಕೂರಿಸಿರಿ. ಒಡೆದ ಗಾಜಿನ ಚೂರು ಅಂಗಳದಲ್ಲಿದ್ದು ಮಳೆ ಬರುವ ಹಾಗಿದ್ದರೆ, ಚೂರಿಗೆ ತಾಗದ ಹಾಗೆ ಒಂದು ಬುಟ್ಟಿಯನ್ನು ಕವುಚಿ ಹಾಕಿರಿ. ಪೊಲೀಸರು ನಿಮ್ಮ ಮನೆಯವರ ಬೆರಳಚ್ಚನ್ನೂ ಕೇಳಬಹುದು. ಅದರಿಂದ ಮಾನ ಹೋಯಿತೆಂದು ನೊಂದುಕೊಳ್ಳಬೇಕಾಗಿಲ್ಲ. ಮನೆಯವರ ಗುರುತು ಯಾವುದೆಂದು ಗೊತ್ತಾದರೆ ಮಾತ್ರ ಪರಕೀಯನ ಗುರುತು ಬೇರೆಯಾಗಿ ಉಳಿಯುತ್ತದೆ. ಟಾರ್ಚ್ ಹಿಡಿದು ನೀವೇ ಪತ್ತೆಗೆ ಇಳಿಯುವುದೂ ಬೇಡ. ಮೊದಲು ಹೇಳಿದ ಪ್ರಯೋಗ ನಿಮ್ಮ ಸ್ವಂತ ತಟ್ಟೆಯ ಮೇಲಿರಲಿ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಐದು ವರ್ಷಗಳೊಳಗೆ ಹಂತಹಂತವಾಗಿ ಜಾರಿಗೊಳಿಸಲು ರಾಜ್ಯಗಳಿಗೆ ಅವಕಾಶವಿದೆ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯದ ಪ್ರಯೋಗಾಲಯಕ್ಕೆ ಸೇರಿದಂತೆ ಮಂಗಳೂರಿನಲ್ಲಿಯೂ ಒಂದು ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ದೇಶದ ಬೆರಳಚ್ಚುಗಳನ್ನು ಯಂತ್ರದ ಮೂಲಕ ಹೋಲಿಸುವ ರಾಷ್ಟ್ರೀಯ ವ್ಯವಸ್ಥೆ 2022ರಲ್ಲಿ ಆರಂಭವಾಗಿದೆ. ಕಾನೂನು ಇದೆ, ದೀಪ ಇದೆ, ಯಂತ್ರ ಇದೆ. ಆದರೆ ಅವೆಲ್ಲ ಬರುವ ತನಕ ಆ ಅರ್ಧ ಮಿಲಿಮೀಟರಿನ ಗೆರೆಗಳು ಅಳಿಯದಂತೆ ಕಾಯುವವರು ಮನೆಯವರೇ ಆಗಿರುತ್ತಾರೆ. ಆ ಒಂದೆರಡು ಗಂಟೆ ಕೈಕಟ್ಟಿಕೊಂಡು ಜಗಲಿಯಲ್ಲಿ ಕೂರುವುದು ಕಷ್ಟವೇ ಸರಿ. ಆದರೂ ಕೂರಿರಿ; ಮಕ್ಕಳಿಗೂ ನೆರೆಯವರಿಗೂ ಇದನ್ನು ಮೊದಲೇ ತಿಳಿಸಿಡಿರಿ.